ಹೊಳೆ ದಾಟಿದ ಅರಸರು: ಶ್ರೀ ಜಯಚಾಮರಾಜೇಂದ್ರ ಒಡೆಯರು

ಪ್ರತಿಯೊಂದು ಭಾಷೆಯೂ ತನ್ನನ್ನಾಡುವ ಜನರ ಅನುಭವವನ್ನು ನುಡಿಗಟ್ಟುಗಳಲ್ಲಿ ಕಾಪಾಡಿಕೊಂಡು ಬಂದಿರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ನಮ್ಮ ಗಾದೆ, ಒಮ್ಮೆ ನಡೆದುಹೋದುದನ್ನು ಮತ್ತೆ ಮೊದಲಿನಂತೆ ಮಾಡಲಾಗದು ಎಂಬ ಎಚ್ಚರವನ್ನು ಹೇಳುತ್ತದೆ. ಆಂಗ್ಲ ಭಾಷೆಯಲ್ಲಿ ಇದಕ್ಕೆ ಸಮೀಪವಾದ ಒಂದು ನುಡಿಗಟ್ಟು ಬಹುಕಾಲದಿಂದ ಬಳಕೆಯಲ್ಲಿದೆ. 'ಕ್ರಾಸಿಂಗ್ ದ ರೂಬಿಕಾನ್', ಅಂದರೆ ರೂಬಿಕಾನ್ ನದಿಯನ್ನು ದಾಟುವುದು. ಮಹತ್ತ್ವದ ನಿರ್ಧಾರ ಕೈಗೊಳ್ಳುವುದು ಎಂದು ಇದರ ಅರ್ಥವನ್ನು ಒಂದು ಸಾಲಿನಲ್ಲಿ ಬರೆಸಿ ಪಾಠವನ್ನು ಮುಂದುವರಿಸುವುದು ನಮ್ಮ ತರಗತಿಗಳಲ್ಲಿ ವಾಡಿಕೆ. ಆದರೆ ಅಷ್ಟರಿಂದ ಅದರ ತಿರುಳು ವಿದ್ಯಾರ್ಥಿಗಳಿಗೆ ತಿಳಿಯಲಾರದು.

ರೂಬಿಕಾನ್ ಇಟಲಿಯ ಉತ್ತರ ಭಾಗದ ಒಂದು ಸಣ್ಣ ಹೊಳೆ. ಅದರ ಹಿರಿಮೆ ಇದ್ದುದು ನೀರಿನಲ್ಲಲ್ಲ, ಅದು ಗೆರೆಯೆಳೆದ ಮೇರೆಯಲ್ಲಿ. ರೋಮನ್ ಗಣರಾಜ್ಯದ ಕಟ್ಟಳೆಯಂತೆ ಪ್ರಾಂತದ ಅಧಿಕಾರಿಯಾದವನು ತನ್ನ ಸೈನ್ಯದೊಡನೆ ಆ ಹೊಳೆಯನ್ನು ದಾಟಿ ಇಟಲಿಯ ನೆಲಕ್ಕೆ ಕಾಲಿಡುವಂತಿರಲಿಲ್ಲ. ಗಾಲ್ ಪ್ರಾಂತವನ್ನು ಜಯಿಸಿದ್ದ ಜೂಲಿಯಸ್ ಸೀಸರನಿಗೆ ಸೈನ್ಯವನ್ನು ವಿಸರ್ಜಿಸಿ ಬರುವಂತೆ ರೋಮಿನ ಹಿರಿಯರ ಸಭೆ ಆಜ್ಞಾಪಿಸಿತು. ಕ್ರಿಸ್ತಪೂರ್ವ 49ರ ಜನವರಿಯಲ್ಲಿ ಅವನು ಒಂದು ದಳದೊಡನೆ ಆ ಹೊಳೆಯನ್ನು ದಾಟಿದನು. ದಾಳ ಉರುಳಿಹೋಯಿತೆಂಬ ಅರ್ಥದ ಮಾತನ್ನು ಅವನು ಆಗ ನುಡಿದನೆಂದು ಚರಿತ್ರಕಾರರು ಬರೆದಿದ್ದಾರೆ. ಅಂದಿನಿಂದ ಅಂತರ್ಯುದ್ಧ ಮೊದಲಾಯಿತು; ಸೀಸರನು ಸರ್ವಾಧಿಕಾರಿಯಾದನು; ಐದು ವರ್ಷಗಳ ತರುವಾಯ ಕ್ರಿಸ್ತಪೂರ್ವ 44ರಲ್ಲಿ ಅದೇ ಸಭೆಯ ಸದಸ್ಯರ ಕೈಯಿಂದಲೇ ಹತನಾದನು.

ಈ ಕಥೆಯನ್ನು ಅರಿತ ಮೇಲೆ ನುಡಿಗಟ್ಟಿನ ಅರ್ಥ ಸ್ಪಷ್ಟವಾಗುತ್ತದೆ. ಅದರಲ್ಲಿ ಮೂರು ಅಂಶಗಳಿವೆ. ಮೊದಲನೆಯದು, ಹೆಜ್ಜೆಯನ್ನಿಡುವವನು ಅದರ ಪರಿಣಾಮವನ್ನು ಬಲ್ಲವನಾಗಿರಬೇಕು. ಎರಡನೆಯದು, ಹೆಜ್ಜೆ ಹೊರಗಿನ ಕಣ್ಣಿಗೆ ಚಿಕ್ಕದಾಗಿ ಕಾಣಬಹುದು. ಆದರೆ ಅದು ಒಂದು ಮೇರೆಯನ್ನು ಮೀರಿರಬೇಕು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಹಿಂದಿರುಗುವ ದಾರಿ ಮುಚ್ಚಿಹೋಗಿರಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾದುದನ್ನೂ ಚುನಾವಣೆಯಲ್ಲಿ ಗೆದ್ದುದನ್ನೂ ಹೀಗೆ ವರ್ಣಿಸುವುದು ತಪ್ಪು ಬಳಕೆ. ಅವು ಸಂತೋಷದ ಗಳಿಗೆಗಳು. ಮರಳಿ ಬಾರದ ಗಳಿಗೆಗಳಲ್ಲ.

ಈ ಅರ್ಥಕ್ಕೆ ನಿದರ್ಶನವನ್ನು ಅರಸಿ ನಾವು ರೋಮಿನವರೆಗೆ ಹೋಗಬೇಕಾಗಿಲ್ಲ. ನಾವು ನಿಂತ ನೆಲವೇ ಅದನ್ನು ಒದಗಿಸುತ್ತದೆ. 1948ರಲ್ಲಿ ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ ರೂಪುಗೊಳ್ಳತೊಡಗಿದ ಜಯನಗರ, ಅಂದಿನ ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರವರ ಹೆಸರಿನ ಮೊದಲ ಪದವನ್ನು ಹೊತ್ತ ಬಡಾವಣೆಯೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಜಯವೆಂದರೆ ಗೆಲುವು. ಆದರೆ ಆ ಅರಸರ ಬಾಳಿನ ಹಿರಿಮೆ ಅವರು ಗೆದ್ದುಕೊಂಡುದರಲ್ಲಿಲ್ಲ, ಬಿಟ್ಟುಕೊಟ್ಟುದರಲ್ಲಿದೆ. ಸೀಸರನು ಅಧಿಕಾರವನ್ನು ಹಿಡಿಯಲು ಹೊಳೆಯನ್ನು ದಾಟಿದನು. ಇವರು ಅಧಿಕಾರವನ್ನು ಇಳಿಸಿ ದಾಟಿದರು.

ಜಯಚಾಮರಾಜೇಂದ್ರ ಒಡೆಯರವರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ತಾಯಿ ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರು. ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು ಅಂದು ಸಿಂಹಾಸನದಲ್ಲಿದ್ದರು. ಅವರಿಗೆ ಮಕ್ಕಳಿಲ್ಲದಿದ್ದುದರಿಂದ ರಾಜ್ಯದ ಆಶೋತ್ತರಗಳೆಲ್ಲ ಈ ಬಾಲಕನ ಮೇಲೆ ನೆಲಸಿದ್ದುವು. ಅರಮನೆಯ ಶಿಕ್ಷಣದ ಬಳಿಕ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1938ರಲ್ಲಿ ಚಿನ್ನದ ಪದಕಗಳೊಡನೆ ಪದವೀಧರರಾದರು. ಅವರ ಮನಸ್ಸು ಒಲಿದುದು ಸಂಗೀತಕ್ಕೆ. ಎಳವೆಯಲ್ಲಿಯೇ ಪಿಯಾನೋ ವಾದ್ಯವನ್ನು ಅಭ್ಯಾಸಮಾಡಿ ಪಾಶ್ಚಾತ್ಯ ಸಂಗೀತದಲ್ಲಿ ಆಳವಾದ ಪರಿಶ್ರಮವನ್ನು ಗಳಿಸಿದ್ದರು. ಸಭಾಂಗಣಗಳಲ್ಲಿ ನುಡಿಸುವ ಪಿಯಾನೋ ವಾದಕರಾಗಬೇಕೆಂಬುದು ಅವರ ತಾರುಣ್ಯದ ಕನಸಾಗಿತ್ತು.

ವಿಧಿ ಬೇರೆಯದನ್ನೇ ನಿಯಮಿಸಿತು. 1940ರ ಮಾರ್ಚ್ 11ರಂದು ತಂದೆಯವರು ಮುಂಬಯಿಯಲ್ಲಿ ತೀರಿಕೊಂಡರು. ಐದು ತಿಂಗಳು ತುಂಬುವುದರೊಳಗೆ, ಆಗಸ್ಟ್ 3ರಂದು, ನಾಲ್ವಡಿಯವರೂ ಕಾಲವಶರಾದರು. ಇಪ್ಪತ್ತೊಂದು ವರ್ಷದ ತರುಣರು ಸೆಪ್ಟೆಂಬರ್ 8ರಂದು ಪಟ್ಟಾಭಿಷಿಕ್ತರಾದರು. ಇದು ಅವರ ಬಾಳಿನ ದೊಡ್ಡ ತಿರುವು, ನಿಜ. ಆದರೆ ನುಡಿಗಟ್ಟಿನ ಅರ್ಥದಲ್ಲಿ ಇದು ರೂಬಿಕಾನ್ ಅಲ್ಲ. ಏಕೆಂದರೆ ಇಲ್ಲಿ ಅವರು ಹೆಜ್ಜೆಯನ್ನಿಡಲಿಲ್ಲ. ಕಾಲವು ಅವರನ್ನು ಎತ್ತಿ ಸಿಂಹಾಸನದ ಮೇಲೆ ಕುಳ್ಳಿರಿಸಿತು.

ಅವರ ಕೈಗೆ ಬಂದ ರಾಜ್ಯ ಸಾಮಾನ್ಯವಾದುದಲ್ಲ. ಸುಮಾರು 29 ಸಾವಿರ ಚದರ ಮೈಲಿಗಳ ವಿಸ್ತೀರ್ಣ. 1941ರ ಜನಗಣತಿಯಂತೆ ಸುಮಾರು 73 ಲಕ್ಷ ಪ್ರಜೆಗಳು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನೂ 1907ರಲ್ಲಿ ನ್ಯಾಯವಿಧಾಯಕ ಸಭೆಯನ್ನೂ ಕಂಡಿದ್ದ ನಾಡು ಅದು. 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿತ್ತು. ಭದ್ರಾವತಿಯಲ್ಲಿ ಕಬ್ಬಿಣ ಕರಗುತ್ತಿತ್ತು. ಕನ್ನಂಬಾಡಿಯ ನೀರು ಮಂಡ್ಯದ ಬಯಲಿಗೆ ಹರಿದಿತ್ತು. ಮಾದರಿ ಸಂಸ್ಥಾನವೆಂಬ ಕೀರ್ತಿ ದೇಶದಲ್ಲೆಲ್ಲ ಹಬ್ಬಿತ್ತು. ಆದರೆ ಮಾದರಿ ಸಂಸ್ಥಾನದಲ್ಲಿಯೂ ಒಂದು ಕೊರತೆ ಉಳಿದಿತ್ತು. ದಿವಾನರು ಅರಸರಿಗೆ ಹೊಣೆಯಾಗಿದ್ದರೇ ಹೊರತು ಜನರಿಗಲ್ಲ. 1938ರಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಡೆದ ಶಿವಪುರದ ಧ್ವಜ ಸತ್ಯಾಗ್ರಹವೂ, ಅದೇ ತಿಂಗಳಲ್ಲಿ ವಿದುರಾಶ್ವತ್ಥದಲ್ಲಿ ಹರಿದ ನೆತ್ತರೂ ಆ ಕೊರತೆಯನ್ನು ಸಾರಿ ಹೇಳಿದ್ದುವು. ಹೊಣೆಗಾರಿಕೆಯ ಸರ್ಕಾರ ಬೇಕೆಂಬ ಕೂಗು ಹೊಸ ಅರಸರಿಗೆ ಸಿಂಹಾಸನದೊಡನೆಯೇ ಬಂದ ಬಳುವಳಿಯಾಗಿತ್ತು.

1947 ಬಂದಿತು. ಬ್ರಿಟಿಷರು ಹೊರಡುವ ಹೊತ್ತಿನಲ್ಲಿ ದೇಶೀಯ ಸಂಸ್ಥಾನಗಳ ಮೇಲಿನ ಅವರ ಸಾರ್ವಭೌಮತ್ವವೂ ಕೊನೆಗೊಳ್ಳುವುದೆಂದು ತೀರ್ಮಾನವಾಯಿತು. ನೆರೆಯ ತಿರುವಾಂಕೂರು ಸ್ವತಂತ್ರವಾಗಿ ಉಳಿಯುವ ಇಂಗಿತವನ್ನು ಘೋಷಿಸಿತು. ಉತ್ತರದ ಹೈದರಾಬಾದು ಕೂಡ ಒಕ್ಕೂಟದಿಂದ ದೂರ ನಿಂತಿತು. ಇಂಥ ಸಂದಿಗ್ಧದಲ್ಲಿ ಮೈಸೂರಿನ ಮಹಾರಾಜರು 1947ರ ಆಗಸ್ಟ್ 9ರಂದು ಭಾರತಕ್ಕೆ ಸೇರ್ಪಡೆಯಾಗುವ ಪತ್ರಕ್ಕೆ ಸಹಿ ಮಾಡಿದರು.

ಇದೇ ಅವರ ರೂಬಿಕಾನ್ ಎಂದು ಹಲವರು ಭಾವಿಸುತ್ತಾರೆ. ಪತ್ರದ ಒಳಗನ್ನು ನೋಡಿದರೆ ಹಾಗೆನ್ನುವುದು ಕಷ್ಟ. ಆ ಪತ್ರದಿಂದ ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರು ವಿಷಯಗಳು ಮಾತ್ರ ಕೇಂದ್ರಕ್ಕೆ ಸಂದುವು. ಮುಂದೆ ರಚಿತವಾಗುವ ಸಂವಿಧಾನವನ್ನು ಒಪ್ಪಲೇಬೇಕೆಂಬ ಕಟ್ಟು ಅದರಲ್ಲಿರಲಿಲ್ಲ. ಅರಸರ ಒಳಾಡಳಿತದ ಅಧಿಕಾರಕ್ಕೆ ಅದರಿಂದ ಚ್ಯುತಿಯೂ ಬರಲಿಲ್ಲ. ಸಹಿಯಾದ ಮರುದಿನವೂ ಮೈಸೂರಿನಲ್ಲಿ ಅರಸರೂ ಇದ್ದರು, ದಿವಾನರೂ ಇದ್ದರು. ಹೊಳೆಯಲ್ಲಿ ಕಾಲಿಟ್ಟುದಾಗಿತ್ತು, ಹಿಂದಿನ ದಡ ಇನ್ನೂ ಕಾಣುತ್ತಿತ್ತು.

ಜನರು ಅದನ್ನು ಕಂಡರು. ದೇಶಕ್ಕೆ ಬಂದ ಸ್ವಾತಂತ್ರ್ಯ ಮೈಸೂರಿನ ಪ್ರಜೆಗೆ ಏಕೆ ಬರಲಿಲ್ಲವೆಂಬ ಪ್ರಶ್ನೆ ಊರೂರುಗಳಲ್ಲಿ ಎದ್ದಿತು. ಸೆಪ್ಟೆಂಬರ್ 1ರಿಂದ ಮೈಸೂರು ಚಲೋ ಚಳವಳಿ ಆರಂಭವಾಯಿತು. ಕೆ.ಸಿ. ರೆಡ್ಡಿಯವರೇ ಮೊದಲಾದ ನಾಯಕರು ಸೆರೆಮನೆ ಸೇರಿದರು. ವಿದ್ಯಾರ್ಥಿಗಳು ತರಗತಿಗಳನ್ನು ತೊರೆದು ಬೀದಿಗಿಳಿದರು. ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾದನು. ಆ ನಗರದ ವೃತ್ತವೊಂದು ಆತನ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಅರಸರನ್ನು ಕೊಂಡಾಡುವ ಭರದಲ್ಲಿ ಆ ಬಾಲಕನನ್ನು ಮರೆಯುವುದು ಶಾಲೆಯೊಂದರ ಸಂಚಿಕೆಗೆ ಶೋಭೆಯಲ್ಲ. ಮಹಾರಾಜರು ಸುತ್ತಣ ಸಲಹೆಗಾರರ ನಡುವೆ ತಡೆದುನಿಂತ ಆ ವಾರಗಳಿಗೆ ಪ್ರಜೆಗಳು ಬೆಲೆ ತೆತ್ತರು. ನಿರ್ಣಾಯಕ ಗಳಿಗೆಯಲ್ಲಿ ತಡಮಾಡುವುದೂ ಒಂದು ನಿರ್ಣಯವೇ. ಅದರ ಫಲವನ್ನು ಬಹುವೇಳೆ ಬೇರೆಯವರು ಉಣ್ಣಬೇಕಾಗುತ್ತದೆ.

ಆದರೆ ಅವರು ತಡೆದಲ್ಲಿಯೇ ನಿಲ್ಲಲಿಲ್ಲ. ಅಕ್ಟೋಬರ್ ತಿಂಗಳಿನಲ್ಲಿ ರಾಜಿಯಾಯಿತು. ಸೆರೆಯಲ್ಲಿದ್ದವರು ಹೊರಬಂದರು. ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜನರ ಮಂತ್ರಿಮಂಡಲ ಅದೇ ತಿಂಗಳಿನ ಕೊನೆಯಲ್ಲಿ ಅಧಿಕಾರವನ್ನು ವಹಿಸಿಕೊಂಡಿತು. ನಿನ್ನೆಯವರೆಗೆ ಅರಮನೆಯ ಮುಂದೆ ಘೋಷಣೆ ಕೂಗುತ್ತಿದ್ದವರು ಇಂದು ಅದೇ ಅರಸರ ಮಂತ್ರಿಗಳಾದರು. ಇದು ಎರಡನೆಯ ಹೆಜ್ಜೆ. ದಿವಾನಗಿರಿ ಮಾತ್ರ 1949ರವರೆಗೆ ಉಳಿದಿತ್ತು. ಆದುದರಿಂದ ಹಿಂದಿನ ದಡ ಮಂಜಿನಲ್ಲಿ ಮಸಕಾಯಿತೇ ಹೊರತು ಮರೆಯಾಗಲಿಲ್ಲ.

ಮೂರನೆಯ ಹೆಜ್ಜೆ ಬಂದುದು 1949ರ ನವೆಂಬರ್ 25ರಂದು. ಭಾರತದ ಸಂವಿಧಾನ ಸಭೆಯು ಸಂವಿಧಾನವನ್ನು ಅಂಗೀಕರಿಸಿದ ದಿನದ ಹಿಂದಿನ ದಿನವದು. ಅಂದು ಹೊರಡಿಸಿದ ಘೋಷಣೆಯ ಮೂಲಕ ಮಹಾರಾಜರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೆಂದೂ, ಅದಕ್ಕೆ ವಿರುದ್ಧವಾದ ರಾಜ್ಯದ ಕಟ್ಟಳೆಗಳು ಇನ್ನು ನಡೆಯಲಾರವೆಂದೂ ಒಪ್ಪಿಕೊಂಡರು. ಒಂದು ಕಾಗದ, ಒಂದು ಸಹಿ, ಯುದ್ಧವಿಲ್ಲ, ರಕ್ತಪಾತವಿಲ್ಲ. ಪರಂಪರೆಯಂತೆ 1399ರಿಂದ ಎಣಿಸಲ್ಪಡುವ ಒಡೆಯರ ಆಳ್ವಿಕೆ ಅಲ್ಲಿಗೆ ಕಾನೂನಿನ ದೃಷ್ಟಿಯಿಂದ ಮುಗಿಯಿತು. 1947ರಲ್ಲಿ ತೆರೆದಿದ್ದ ಬಾಗಿಲುಗಳನ್ನು ಅವರು ತಮ್ಮ ಕೈಯಿಂದಲೇ ಮುಚ್ಚಿ ಅಗುಳಿ ಹಾಕಿದರು. ನುಡಿಗಟ್ಟಿನ ಮೂರು ಅಂಶಗಳೂ ಇಲ್ಲಿ ಕೂಡಿವೆ. ಅರಿತು ಇಟ್ಟ ಹೆಜ್ಜೆ, ಮೀರಿದ ಮೇರೆ, ಮರಳಲಾಗದ ದಾರಿ. ಆದುದರಿಂದ ಜಯಚಾಮರಾಜೇಂದ್ರ ಒಡೆಯರವರ ರೂಬಿಕಾನ್ ಯಾವುದೆಂದು ಕೇಳಿದರೆ, ಎಲ್ಲರೂ ನೆನೆಯುವ ಆಗಸ್ಟ್ ತಿಂಗಳಲ್ಲ, ಬಹುಜನ ಮರೆತ ಈ ನವೆಂಬರ್ ದಿನವೆಂದೇ ಉತ್ತರ ಹೇಳಬೇಕು.

ಇಲ್ಲಿಯವರೆಗೆ ಹೊಳೆ ದಾಟಿದ ಕಥೆ. ದಾಟಿದವನ ನಿಜವಾದ ಪರೀಕ್ಷೆ ಆಚೆಯ ದಡದಲ್ಲಿ ನಡೆಯುತ್ತದೆ. ಕೈಬಿಟ್ಟುದನ್ನು ಕುರಿತು ಕೊರಗುತ್ತ ಕೂರುವವರುಂಟು. ಬಿಟ್ಟುದನ್ನು ಹಿಂಬಾಗಿಲಿನಿಂದ ಮರಳಿ ಪಡೆಯಲು ಹವಣಿಸುವವರೂ ಉಂಟು. ಒಡೆಯರವರು ಎರಡನ್ನೂ ಮಾಡಲಿಲ್ಲ. 1950ರ ಜನವರಿ 26ರಿಂದ ಅವರು ಮೈಸೂರು ರಾಜ್ಯದ ರಾಜಪ್ರಮುಖರಾಗಿ, ಸಂವಿಧಾನ ಗೊತ್ತುಪಡಿಸಿದ ಮಿತಿಯೊಳಗೆ ನಡೆದುಕೊಂಡರು. 1956ರ ನವೆಂಬರ್ 1ರಂದು ಕನ್ನಡ ನಾಡುಗಳು ಒಂದುಗೂಡಿದಾಗ ವಿಶಾಲ ಮೈಸೂರಿಗೆ ಅವರೇ ಮೊದಲ ರಾಜ್ಯಪಾಲರಾದರು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಪೂರ್ವಿಕರ ರಾಜ್ಯವು ತನಗಿಂತ ದೊಡ್ಡದಾದ ಒಂದು ನಾಡಿನ ಭಾಗವಾಗಿ ಕರಗಿದ ದಿನವದು. ಆ ದಿನ ಅವರು ಹೊಸ ನಾಡಿನ ಹೊಸಿಲಲ್ಲಿ ನಿಂತು ಅದನ್ನು ಬರಮಾಡಿಕೊಂಡರು. ಹುಟ್ಟಿನಿಂದ ಅರಸರಾಗಿದ್ದವರು ರಾಷ್ಟ್ರಪತಿಗಳ ನೇಮಕದ ಅಧಿಕಾರಿಯಾಗಿ, 1964ರಲ್ಲಿ ವರ್ಗವಾದಾಗ ಮದರಾಸಿಗೆ ತೆರಳಿ, 1966ರವರೆಗೆ ಆ ರಾಜ್ಯದ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು.

ಅಧಿಕಾರ ಹೊತ್ತ ಹೆಗಲಿಗೂ ಅದು ಇಳಿದ ಹೆಗಲಿಗೂ ವಿದ್ಯೆ ಹೊರೆಯೆನಿಸಲಿಲ್ಲ. ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಎಂಬ ಅಂಕಿತದಿಂದ ಅವರು ರಚಿಸಿದ 94 ಕೃತಿಗಳು ಇಂದಿಗೂ ವಿದ್ವಾಂಸರ ಕಂಠದಲ್ಲಿವೆ. ಲಂಡನ್ನಿನಲ್ಲಿ ಬಡತನದಿಂದ ಬಳಲುತ್ತಿದ್ದ ರಷ್ಯದ ಸಂಗೀತಕಾರ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಅವರು ಧನಸಹಾಯವಿತ್ತರು. ಆ ಕಲಾವಿದರು ತಮ್ಮ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಫಿಲ್ಹಾರ್ಮೋನಿಯ ವಾದ್ಯವೃಂದ ಎಳೆಯದಾಗಿದ್ದಾಗ ಅದಕ್ಕೂ ಆಸರೆಯಾದರು. ಋಗ್ವೇದ ಸಂಹಿತೆಯನ್ನು ಕನ್ನಡ ಅನುವಾದ ಮತ್ತು ವಿವರಣೆಗಳೊಡನೆ ಜಯಚಾಮರಾಜೇಂದ್ರ ವೇದರತ್ನಮಾಲೆಯಲ್ಲಿ ಅನೇಕ ಸಂಪುಟಗಳಾಗಿ ಹೊರತರಿಸಿ, ಪಂಡಿತರ ಸೊತ್ತನ್ನು ಕನ್ನಡಿಗರೆಲ್ಲರ ಮನೆಬಾಗಿಲಿಗೆ ತಂದರು. 1952ರಲ್ಲಿ ಭಾರತೀಯ ವನ್ಯಜೀವಿ ಮಂಡಲಿ ಸ್ಥಾಪಿತವಾದಾಗ ಅದರ ಮೊದಲ ಅಧ್ಯಕ್ಷರಾದರು.

ಕೊನೆಗೆ ಉಳಿದಿದ್ದುದು ರಾಜಧನ. ಮೈಸೂರಿನ ಅರಸರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿಗಳು ಗೊತ್ತಾಗಿದ್ದುವು. 1971ರ ಸಂವಿಧಾನ ತಿದ್ದುಪಡಿಯಿಂದ ರಾಜಧನವೂ ಅರಸರೆಂಬ ಮನ್ನಣೆಯೂ ರದ್ದಾದುವು. 1973ರ ನವೆಂಬರ್ 1ರಂದು ರಾಜ್ಯವು ಮೈಸೂರೆಂಬ ಹೆಸರನ್ನು ಬಿಟ್ಟು ಕರ್ನಾಟಕವೆಂಬ ಹೆಸರನ್ನು ತಳೆಯಿತು. ರಾಜ್ಯ, ಪದವಿ, ರಾಜಧನ, ನಾಡಿಗಿದ್ದ ಹಳೆಯ ಹೆಸರು, ಹೀಗೆ ಒಂದೊಂದಾಗಿ ಎಲ್ಲವೂ ಕಳಚಿದುದನ್ನು ಕಂಡು, 1974ರ ಸೆಪ್ಟೆಂಬರ್ 23ರಂದು ಐವತ್ತೈದನೆಯ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ದಿವಂಗತರಾದರು.

ಪದವಿಯನ್ನು ಬಿಡುವ ಹಿರಿಮೆ ಶರಣರ ನಾಡಿಗೆ ಹೊಸತಲ್ಲ. ಬಿಜ್ಜಳನ ಭಂಡಾರದ ಅಧಿಕಾರವನ್ನು ತೊರೆದು ಅಣ್ಣ ಬಸವಣ್ಣನವರು ಕೂಡಲಸಂಗಮದತ್ತ ನಡೆದುದನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಅದು ಶರಣರ ತ್ಯಾಗ. ಇದು ಅರಸರ ತ್ಯಾಗ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ಬಸವಣ್ಣನವರನ್ನು ನಡೆಸಿದುದು ಅವರ ಅಂತರಂಗ. ಒಡೆಯರವರನ್ನು ಅಂತರಂಗದೊಡನೆ ಪ್ರಜೆಗಳ ಒತ್ತಾಯವೂ ನಡೆಸಿತು. ಆದರೂ ಕೈಯಲ್ಲಿದ್ದುದನ್ನು ಜನರ ಹಿತಕ್ಕಾಗಿ ಬಿಟ್ಟುಕೊಟ್ಟು ಹಿಂದಿರುಗಿ ನೋಡದ ನಡೆ ಎಲ್ಲಿ ಕಂಡರೂ ವಂದ್ಯವಾದುದು. 1963ರಲ್ಲಿ ಮೈಸೂರಿನಲ್ಲಿ ಸುತ್ತೂರು ಶ್ರೀಮಠದ ವಿದ್ಯಾಪೀಠ ತೆರೆದ ಇಂಜಿನಿಯರಿಂಗ್ ಕಾಲೇಜಿಗೆ ಶ್ರೀ ಜಯಚಾಮರಾಜೇಂದ್ರರ ಹೆಸರನ್ನಿರಿಸಿದುದು ಈ ಗೌರವದ ಕುರುಹು. ರಾಜ್ಯವಾಳುವ ಅಧಿಕಾರವಿಲ್ಲದ ಅರಸರ ಹೆಸರನ್ನು ವಿರಕ್ತ ಪರಂಪರೆಯ ಮಠವು ವಿದ್ಯಾಲಯಕ್ಕೆ ಆರಿಸಿಕೊಂಡಿತೆಂಬುದರಲ್ಲಿ ಒಂದು ಔಚಿತ್ಯವಿದೆ.

ಕನ್ನಡದಲ್ಲಿಯೂ ಹೊಳೆ ದಾಟುವ ಗಾದೆಯೊಂದಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬುದು ಆ ಮಾತು. ಉಪಕಾರವನ್ನು ಮರೆಯುವವರನ್ನು ಕುರಿತು ನಮ್ಮ ಹಿರಿಯರು ಇದನ್ನು ಆಡಿದರು. ಆಂಗ್ಲರ ನುಡಿಗಟ್ಟು ದಾಟುವವನ ಧೈರ್ಯವನ್ನು ಹೇಳಿದರೆ, ನಮ್ಮ ಗಾದೆ ದಾಟಿದವನ ಋಣವನ್ನು ನೆನಪಿಸುತ್ತದೆ. ಎರಡನ್ನೂ ಜೊತೆಗಿಟ್ಟು ಕಲಿಸಿದಾಗ ಮಾತ್ರ ಪಾಠ ಪೂರ್ಣವಾಗುತ್ತದೆ. ರಾಜಸತ್ತೆಯಿಂದ ಪ್ರಜಾಸತ್ತೆಗೆ ಈ ನಾಡು ದಾಟಿದ ಹೊಳೆಗೆ ಇಬ್ಬರು ಅಂಬಿಗರಿದ್ದರು. ಸೆರೆಮನೆಗೂ ಗುಂಡಿಗೂ ಅಂಜದ ಜನ ಒಂದು ಕಡೆ. ಕೊನೆಗೆ ಹುಟ್ಟನ್ನು ಜನರ ಕೈಗಿತ್ತ ಅರಸರು ಇನ್ನೊಂದು ಕಡೆ. ಇಬ್ಬರ ಹಂಗೂ ನಮ್ಮ ಮೇಲಿದೆ.

ಶಾಲೆಗೆ ಭೂಮಿಯನ್ನೋ ಧನವನ್ನೋ ಕೊಟ್ಟ ದಾನಿಗಳಿಗೆ ಈ ಬಾಳು ಹೇಳುವುದೊಂದುಂಟು. ಕೊಟ್ಟುದು ನಮ್ಮದೆಂಬ ಭಾವ ಉಳಿದಿರುವವರೆಗೆ ಅದು ದಾನವಾದೀತು, ದಾಸೋಹವಾಗದು. ಕೊಟ್ಟ ಗಳಿಗೆಯಲ್ಲಿಯೇ ಹಿಂದಿನ ದಡ ಮರೆಯಾಗಬೇಕು. ಅಧ್ಯಾಪಕರಿಗೂ ಇದೇ ಮಾತು ಸಲ್ಲುತ್ತದೆ; ವರ್ಷಗಳ ಕಾಲ ತಿದ್ದಿ ಬೆಳೆಸಿದ ಮಕ್ಕಳನ್ನು ಅವರು ಪ್ರತಿ ಬೇಸಗೆಯಲ್ಲಿ ಲೋಕಕ್ಕೆ ಒಪ್ಪಿಸಿಬಿಡುತ್ತಾರೆ. ಹಳೆಯ ವಿದ್ಯಾರ್ಥಿಗಳಾದರೋ ದಾಟಿ ಹೋದವರು. ಅಂಬಿಗನ ಹಂಗನ್ನು ನೆನೆಯಬೇಕಾದವರು. ಜಯನಗರದ ಬೀದಿಗಳಲ್ಲಿ ನಡೆಯುವ ನಮ್ಮ ಮಕ್ಕಳು, ಬಿಟ್ಟುಕೊಡುವುದೂ ಒಂದು ಜಯವೆಂಬುದನ್ನು ಈ ಊರಿನ ಹೆಸರಿನಿಂದಲೇ ಕಲಿಯುವಂತಾಗಲಿ. ಆ ಅರಸರ ನೆನಪಿಗೂ, ಅವರೊಡನೆ ಆ ಹೊಳೆಯನ್ನು ದಾಟಿದ ಎಲ್ಲ ಪುಣ್ಯಜೀವಿಗಳ ನೆನಪಿಗೂ ಶರಣು ಶರಣಾರ್ಥಿ.